ಶರೀರಕ್ರಿಯಾ ವಿಜ್ಞಾನ ವಿಭಾಗ: ಉಪಕರಣಗಳ ನಡುವೆ ಸಂಶೋಧಕರು ರೂಪುಗೊಳ್ಳುವ ಬಗೆ

ಹಿಂದಿನ ರಾತ್ರಿ ರಾಗಿ ಮುದ್ದೆ ಉಂಡವರು ಬೆಳಿಗ್ಗೆ ಬಿಡುವ ಉಸಿರಿಗೂ ಅನ್ನ ಉಂಡವರು ಬಿಡುವ ಉಸಿರಿಗೂ ಒಂದು ವ್ಯತ್ಯಾಸವಿರುತ್ತದೆ. ಅದು ವಾಸನೆಯ ವ್ಯತ್ಯಾಸವಲ್ಲ, ಉಸಿರಿನ ಇಂಗಾಲದ ಡೈಆಕ್ಸೈಡಿನೊಳಗಿರುವ ಇಂಗಾಲದ ತೂಕದ ವ್ಯತ್ಯಾಸ. ನಿಸರ್ಗದಲ್ಲಿರುವ ಇಂಗಾಲದ ಪರಮಾಣುಗಳಲ್ಲಿ ನೂರಕ್ಕೆ ಸುಮಾರು 1.1ರಷ್ಟು, ಮಾಮೂಲಿ ಇಂಗಾಲ-12ಕ್ಕಿಂತ ತುಸು ಭಾರವಾದ ಇಂಗಾಲ-13ರವು. ಭತ್ತ, ಗೋಧಿ, ತೊಗರಿಯಂಥ ಬೆಳೆಗಳು ಗಾಳಿಯಿಂದ ಇಂಗಾಲವನ್ನು ಹೀರಿಕೊಳ್ಳುವಾಗ ಹಗುರವಾದ ಪರಮಾಣುಗಳನ್ನೇ ಹೆಚ್ಚು ಆರಿಸಿಕೊಳ್ಳುತ್ತವೆ. ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ ಮತ್ತು ಕಬ್ಬುಗಳು ಅಷ್ಟೊಂದು ಆಯ್ಕೆ ಮಾಡುವುದಿಲ್ಲ. ಹೀಗಾಗಿ ಈ ಎರಡು ಗುಂಪಿನ ಬೆಳೆಗಳಲ್ಲಿ ಇಂಗಾಲ-13ರ ಪ್ರಮಾಣ ಸಾವಿರಕ್ಕೆ ಸುಮಾರು 15ರಷ್ಟು ಬೇರೆಯಾಗುತ್ತದೆ. ತಟ್ಟೆಯಲ್ಲಿದ್ದ ಈ ವ್ಯತ್ಯಾಸ ಊಟದ ಜೊತೆಗೆ ದೇಹದೊಳಗೆ ಹೋಗಿ, ಆಹಾರ ಉರಿದ ಮೇಲೆ ಉಸಿರಿನಲ್ಲಿ ಹೊರಗೆ ಬರುತ್ತದೆ.

ದಿನನಿತ್ಯದ ಬದುಕಿನಲ್ಲಿ ಇದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ. ಆದರೆ ಇಂಗಾಲ-13ನ್ನೇ ಗುರುತಾಗಿ ಬಳಸಿ, ಉಂಡ ಪ್ರೊಟೀನು ದೇಹದಲ್ಲಿ ಏನಾಯಿತೆಂದು ಉಸಿರಿನಿಂದ ಲೆಕ್ಕ ಹಾಕುವ ಪ್ರಯೋಗಾಲಯದಲ್ಲಿ, ಸ್ವಯಂಸೇವಕರು ಹಿಂದಿನ ದಿನ ಏನು ಉಂಡಿದ್ದರೆಂದು ವಿಚಾರಿಸದ ವಿದ್ಯಾರ್ಥಿ ತಿಂಗಳುಗಟ್ಟಲೆ ದುಡಿದು ತಪ್ಪು ಉತ್ತರದ ಬಳಿ ಬಂದು ನಿಲ್ಲಬಹುದು. ಬಹಳ ಬೆಲೆಬಾಳುವ ಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ. ಮುದ್ದೆಯ ವಿಷಯ ಯಂತ್ರಕ್ಕೆ ಗೊತ್ತಿರುವುದಿಲ್ಲ, ಅದನ್ನು ತಿಳಿದಿರಬೇಕಾದವರು ಅದರ ಮುಂದೆ ಕುಳಿತವರು. ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಜ್ಞಾನ ವಿಭಾಗವೊಂದರ ಸಂಶೋಧನಾ ಸೌಕರ್ಯಗಳನ್ನು ಮತ್ತು ಅಲ್ಲಿನ ಸ್ನಾತಕೋತ್ತರ ತರಬೇತಿಯನ್ನು ಬೇರೆ ಬೇರೆ ಪಟ್ಟಿಗಳಾಗಿ ನೋಡಬಾರದು ಎಂದು ನಾನು ಹೇಳುವುದಕ್ಕೆ ಇದೇ ಕಾರಣ. ಈ ವಿಭಾಗದೊಳಗೆ ನಿಜವಾಗಿ ಏನು ನಡೆಯುತ್ತದೆ, ಅಲ್ಲಿಗೆ ವಿದ್ಯಾರ್ಥಿಯಾಗಿ ಹೋದವರು ಏನನ್ನು ಕಲಿಯುತ್ತಾರೆ ಎಂಬುದನ್ನು ಈ ದೃಷ್ಟಿಯಿಂದಲೇ ವಿವರಿಸುತ್ತೇನೆ.

ಶರೀರಕ್ರಿಯಾ ವಿಜ್ಞಾನವನ್ನು ನಮ್ಮ ಕಾಲೇಜುಗಳಲ್ಲಿ ಎಲ್ಲರೂ ಫಿಸಿಯಾಲಜಿ ಎಂದೇ ಕರೆಯುತ್ತಾರೆ. ದೇಹದ ಭಾಗಗಳು ಎಲ್ಲಿವೆ, ಹೇಗಿವೆ ಎಂಬುದನ್ನು ಅಂಗರಚನಾ ಶಾಸ್ತ್ರ ಹೇಳಿದರೆ, ಅವು ಹೇಗೆ ಕೆಲಸ ಮಾಡುತ್ತವೆ ಎಂಬುದು ಫಿಸಿಯಾಲಜಿಯ ಪ್ರಶ್ನೆ. ವೈದ್ಯಕೀಯ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಪಾಠ ಹೇಳುವ ವಿಭಾಗವಾಗಿಯೇ ಇದು ಹೆಚ್ಚಿನವರಿಗೆ ಪರಿಚಿತ. ರಕ್ತದೊತ್ತಡ ನೋಡುವುದು, ಹಿಮೋಗ್ಲೋಬಿನ್ ಅಳೆಯುವುದು, ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿ ಕಾಲು ಚಿಮ್ಮುವುದನ್ನು ಗಮನಿಸುವುದು ಆ ಪಾಠದ ಭಾಗ. ಇದೇ ವಿಭಾಗದ ಇನ್ನೊಂದು ಮುಖ ಸಂಶೋಧನೆ. ರೋಗವಿಲ್ಲದ ದೇಹ ತನ್ನ ಉಷ್ಣತೆ, ಒತ್ತಡ, ಸಕ್ಕರೆ, ಉಪ್ಪು, ನಿದ್ರೆಗಳನ್ನು ಹೇಗೆ ಹತೋಟಿಯಲ್ಲಿ ಇಟ್ಟುಕೊಳ್ಳುತ್ತದೆ ಎಂಬುದನ್ನು ಅಳತೆಯ ಮೂಲಕ ಕಂಡುಕೊಳ್ಳುವುದು ಅಲ್ಲಿನ ಕೆಲಸ. ಫಿಸಿಯಾಲಜಿಯಲ್ಲಿ ಅಳತೆಯೇ ಮುಖ್ಯ, ಏಕೆಂದರೆ ಅಲ್ಲಿ ನೋಡಬೇಕಾದ್ದು ನಿಂತ ವಸ್ತುವಲ್ಲ, ಕ್ಷಣಕ್ಷಣಕ್ಕೂ ಬದಲಾಗುವ ಕ್ರಿಯೆ.

ಬದಲಾಗುವುದನ್ನು ಬರೆದಿಡುವ ವಿದ್ಯೆ ಈ ಶಾಸ್ತ್ರಕ್ಕೆ ಬಂದದ್ದು 1847ರಲ್ಲಿ, ಜರ್ಮನಿಯ ಕಾರ್ಲ್ ಲುಡ್ವಿಗ್ ಅವರಿಂದ. ರಕ್ತನಾಳಕ್ಕೆ ಪಾದರಸದ ಕೊಳವೆ ಜೋಡಿಸಿ ಒತ್ತಡ ಅಳೆಯುವುದನ್ನು ಅದಕ್ಕೂ ಮೊದಲೇ ಫ್ರಾನ್ಸಿನ ಪ್ವಾಜೇ ಮಾಡಿದ್ದರು. ಆದರೆ ಪಾದರಸ ಮೇಲೆ ಕೆಳಗೆ ಆಡುವುದನ್ನು ಕಣ್ಣಿನಿಂದ ಹಿಂಬಾಲಿಸಿ ನೆನಪಿಟ್ಟುಕೊಳ್ಳುವುದು ಯಾರಿಗೂ ಆಗುವ ಮಾತಾಗಿರಲಿಲ್ಲ. ಲುಡ್ವಿಗ್ ಪಾದರಸದ ಮೇಲೆ ಒಂದು ತೇಲುವ ಬೆಂಡನ್ನು ಇಟ್ಟು, ಅದಕ್ಕೆ ಲೇಖನಿಯಂಥ ಮೊನೆಯನ್ನು ಸೇರಿಸಿ, ಆ ಮೊನೆ ನಿಧಾನವಾಗಿ ತಿರುಗುವ ಉರುಳೆಯ ಮೇಲೆ ಗೆರೆ ಎಳೆಯುವಂತೆ ಮಾಡಿದರು. ಕೈಮೋಗ್ರಾಫ್ ಎಂಬ ಈ ಸರಳ ಉಪಕರಣದಿಂದ ಒತ್ತಡ ಮೊದಲ ಬಾರಿಗೆ ಕಾಲದ ಜೊತೆಗೆ ಓಡುವ ಗೆರೆಯಾಗಿ ಕಾಗದಕ್ಕೆ ಇಳಿಯಿತು. ಇಂದು ತೀವ್ರ ನಿಗಾ ಘಟಕದಲ್ಲಿ ರೋಗಿಯ ತಲೆಯ ಬಳಿ ಓಡುವ ಹಸಿರು ಗೆರೆ ಆ ಉರುಳೆಯ ಮರಿಮಗಳು.

ಲುಡ್ವಿಗ್ ಅವರ ಇನ್ನೊಂದು ಕೊಡುಗೆ ಈ ಲೇಖನಕ್ಕೆ ಇನ್ನೂ ಹತ್ತಿರದ್ದು. 1869ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಅವರ ಮುಂದಾಳತ್ವದ ಹೊಸ ಶರೀರಕ್ರಿಯಾ ಸಂಸ್ಥೆ ಆರಂಭವಾಯಿತು. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ, ಸೂಕ್ಷ್ಮದರ್ಶಕದ ಅಧ್ಯಯನಕ್ಕೆ ಮತ್ತು ರಾಸಾಯನಿಕ ವಿಶ್ಲೇಷಣೆಗೆ ಅಲ್ಲಿ ಬೇರೆ ಬೇರೆ ಭಾಗಗಳಿದ್ದವು. ಒಂದೇ ಪ್ರಶ್ನೆಯನ್ನು ಭೌತಿಕವಾಗಿ, ರಚನೆಯ ದೃಷ್ಟಿಯಿಂದ, ರಾಸಾಯನಿಕವಾಗಿ ಒಂದೇ ಸೂರಿನಡಿ ಬೆನ್ನಟ್ಟಬಹುದು ಎಂಬುದು ಆ ಕಟ್ಟಡದ ಹಿಂದಿದ್ದ ಆಲೋಚನೆ. ಸಲಕರಣೆಗಳನ್ನು ಅಲ್ಲಿಯೇ ತಯಾರಿಸಿ ದುರಸ್ತಿ ಮಾಡುವ ಕುಶಲಕರ್ಮಿಯೂ ಇದ್ದರು. ರಷ್ಯಾ, ಇಟಲಿ, ಡೆನ್ಮಾರ್ಕ್, ಅಮೆರಿಕ, ಇಂಗ್ಲೆಂಡ್‌ಗಳಿಂದ ತರುಣರು ಅಲ್ಲಿಗೆ ಬಂದರು. ಇವಾನ್ ಪಾವ್ಲೋವ್, ಆಂಜೆಲೊ ಮೊಸ್ಸೊ, ಕ್ರಿಸ್ಟಿಯನ್ ಬೋರ್ ಅವರಲ್ಲಿ ಕೆಲವರು.

ಲುಡ್ವಿಗ್ ಕಲಿಸುತ್ತಿದ್ದ ಬಗೆ ವಿಶಿಷ್ಟವಾಗಿತ್ತು. ಬಂದ ವಿದ್ಯಾರ್ಥಿಗೆ ಪ್ರಶ್ನೆಯನ್ನು ಅವರೇ ಕೊಡುತ್ತಿದ್ದರು, ಎಷ್ಟೋ ಬಾರಿ ಪ್ರಯೋಗದ ಮೇಜಿನ ಬಳಿ ತಾವೇ ನಿಂತು ಕೈ ಆಡಿಸುತ್ತಿದ್ದರು, ಬರಹವನ್ನೂ ಬಹುಮಟ್ಟಿಗೆ ತಾವೇ ತಿದ್ದಿ ಬರೆಯುತ್ತಿದ್ದರು. ಕೊನೆಗೆ ಆ ಪ್ರಬಂಧ ಪ್ರಕಟವಾಗುತ್ತಿದ್ದುದು ವಿದ್ಯಾರ್ಥಿಯ ಹೆಸರಿನಲ್ಲಿ ಮಾತ್ರ. ಇದರಿಂದ ವಿದ್ಯಾರ್ಥಿ ಸ್ವತಂತ್ರವಾಗಿ ಯೋಚಿಸುವುದು ಕಡಿಮೆಯಾಗುತ್ತಿತ್ತು ಎಂದು ಯಾರಾದರೂ ಆಕ್ಷೇಪಿಸಿದರೆ ಅದರಲ್ಲಿ ಹುರುಳಿದೆ. ಆದರೂ ಅಲ್ಲಿ ಕಲಿತವರು ತಮ್ಮ ಊರಿಗೆ ಹಿಂತಿರುಗಿ ಏನು ಮಾಡಿದರು ಎಂಬುದನ್ನು ನೋಡಿದರೆ, ಅನುಭವಿ ಕೈಯ ಪಕ್ಕದಲ್ಲಿ ನಿಂತು ಕಲಿಯುವುದರ ಬೆಲೆ ಗೊತ್ತಾಗುತ್ತದೆ. ಬಾಸ್ಟನ್ನಿನ ಹೆನ್ರಿ ಬೌಡಿಚ್ ಲೈಪ್‌ಜಿಗ್‌ನಲ್ಲಿ ಕಪ್ಪೆಯ ಹೃದಯದ ಮೇಲೆ ಕೆಲಸ ಮಾಡಿ, 1871ರಲ್ಲಿ, ಹೃದಯದ ಸ್ನಾಯುವನ್ನು ಪ್ರಚೋದಿಸಿದಾಗ ಅದು ಸಂಕುಚಿಸಿದರೆ ಪೂರ್ತಿಯಾಗಿ ಸಂಕುಚಿಸುತ್ತದೆ, ಇಲ್ಲವಾದರೆ ಇಲ್ಲವೇ ಇಲ್ಲ ಎಂಬ ನಿಯಮವನ್ನು ತೋರಿಸಿದರು. ಅದೇ ವರ್ಷ ಹಾರ್ವರ್ಡ್‌ಗೆ ಮರಳಿ, ವೈದ್ಯಕೀಯ ಶಾಲೆಯ ಅಟ್ಟದ ಕೋಣೆಗಳಲ್ಲಿ ಪ್ರಯೋಗಾಲಯವನ್ನು ತೆರೆದರು. ಬೌಡಿಚ್ ಯುರೋಪಿನಿಂದ ಸಲಕರಣೆಗಳನ್ನು ತಂದದ್ದು ನಿಜ, ಆದರೆ ಅವುಗಳಿಗಿಂತ ಮಿಗಿಲಾಗಿ ಅವರು ತಂದದ್ದು, ಗೆರೆಯೊಂದು ಸೊಟ್ಟಗೆ ಬಂದಾಗ ತಪ್ಪು ಹೃದಯದ್ದೋ ಲೇಖನಿಯದ್ದೋ ಎಂದು ಹೇಳಬಲ್ಲ ಕಣ್ಣನ್ನು.

ಆ ಉರುಳೆ ನಮ್ಮ ನಾಡಿನ ವೈದ್ಯಕೀಯ ಕಾಲೇಜುಗಳಲ್ಲೂ ಬಹುಕಾಲ ತಿರುಗಿತು. ನಡುವಯಸ್ಸು ದಾಟಿದ ಯಾವ ವೈದ್ಯರನ್ನು ಕೇಳಿದರೂ ಮಸಿ ಹಿಡಿಸಿದ ಡ್ರಮ್ಮಿನ ನೆನಪು ಹೇಳುತ್ತಾರೆ. ಹೊಳಪು ಕಾಗದವನ್ನು ಡ್ರಮ್ಮಿಗೆ ಸುತ್ತಿ, ಹೊಗೆಯಾಡುವ ಉರಿಯ ಮೇಲೆ ಅದನ್ನು ಒಂದೇ ವೇಗದಲ್ಲಿ ತಿರುಗಿಸುತ್ತಾ ತೆಳುವಾಗಿ ಮಸಿ ಏರಿಸಬೇಕು. ಮಸಿ ದಪ್ಪವಾದರೆ ಮೊನೆ ಸಿಕ್ಕಿಹಾಕಿಕೊಳ್ಳುತ್ತದೆ, ತೀರ ತೆಳುವಾದರೆ ಗೆರೆ ಕಾಣಿಸುವುದಿಲ್ಲ. ಕಪ್ಪೆಯ ಮೀನಖಂಡದ ಸ್ನಾಯುವನ್ನು ನರದ ಸಮೇತ ಬಿಡಿಸಿ, ಸನ್ನೆಗೋಲಿಗೆ ದಾರದಿಂದ ಕಟ್ಟಿ, ವಿದ್ಯುತ್ ತಾಗಿಸಿದರೆ ಕಪ್ಪು ಹಾಳೆಯ ಮೇಲೆ ಬಿಳಿಯ ಗುಡ್ಡವೊಂದು ಮೂಡುತ್ತಿತ್ತು. ಆಮೇಲೆ ಹಾಳೆಯನ್ನು ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಿ ದಾಖಲೆ ಪುಸ್ತಕಕ್ಕೆ ಅಂಟಿಸಬೇಕಾಗಿತ್ತು. ಈಗ ಪದವಿ ಹಂತದಲ್ಲಿ ಕಪ್ಪೆಯ ಪ್ರಯೋಗ ನಿಂತು, ಆ ಗುಡ್ಡವನ್ನು ಕಂಪ್ಯೂಟರ್ ಪರದೆಯ ಮೇಲೆ ತೋರಿಸಲಾಗುತ್ತದೆ. ಪ್ರಾಣಿಗಳ ದೃಷ್ಟಿಯಿಂದ ಇದು ಸರಿಯಾದ ನಿರ್ಧಾರ ಎಂದೇ ನಾನು ನಂಬಿದ್ದೇನೆ. ಆದರೆ ಪರದೆಯ ಸ್ನಾಯು ಎಂದೂ ದಣಿದು ಕೈಕೊಡುವುದಿಲ್ಲ, ಅದರ ದಾರ ಎಂದೂ ಸಡಿಲವಾಗುವುದಿಲ್ಲ. ಹೀಗಾಗಿ ಪ್ರಯೋಗ ಕೆಡುವುದು ಹೇಗೆ ಎಂಬ ಪಾಠ ಈಗ ಸ್ನಾತಕೋತ್ತರ ಹಂತದ ಹೆಗಲಿಗೆ ಬಿದ್ದಿದೆ.

ಇಂದಿನ ವಿಭಾಗವೊಂದರಲ್ಲಿ ಹೆಚ್ಚಿನ ಸಂಶೋಧನೆ ನಡೆಯುವುದು ಮನುಷ್ಯರ ಮೇಲೆ, ದೇಹಕ್ಕೆ ಗಾಯವಾಗದ ವಿಧಾನಗಳಿಂದ. ಅದಕ್ಕೊಂದು ಒಳ್ಳೆಯ ಉದಾಹರಣೆ ಹೃದಯ ಬಡಿತದ ಏರಿಳಿತದ ಅಧ್ಯಯನ. ಉಸಿರು ಎಳೆದುಕೊಂಡಾಗ ಹೃದಯ ತುಸು ವೇಗವಾಗಿ, ಬಿಟ್ಟಾಗ ತುಸು ನಿಧಾನವಾಗಿ ಬಡಿಯುತ್ತದೆ. ಇದನ್ನು ಗೆರೆಯಲ್ಲಿ ಮೊದಲು ಕಂಡವರೂ 1847ರ ಆ ಲುಡ್ವಿಗ್ ಅವರೇ. ನಿಮಿಷಕ್ಕೆ 6 ಬಾರಿಯಂತೆ ಆಳವಾಗಿ ಉಸಿರಾಡಿಸಿ ಇಸಿಜಿ ತೆಗೆದರೆ, ಹೆಚ್ಚಿನ ಮತ್ತು ಕಡಿಮೆ ಬಡಿತಗಳ ನಡುವಿನ ಅಂತರ ಆರೋಗ್ಯವಂತ ತರುಣರಲ್ಲಿ ನಿಮಿಷಕ್ಕೆ 15ಕ್ಕಿಂತ ಹೆಚ್ಚಿರುತ್ತದೆ. ಅದು 10ರ ಕೆಳಗೆ ಇಳಿದರೆ ಹೃದಯಕ್ಕೆ ಹೋಗುವ ವೇಗಸ್ ನರದ ಹಿಡಿತ ಸಡಿಲವಾಗಿದೆ ಎಂಬ ಸಂಶಯ ಹುಟ್ಟುತ್ತದೆ. ದೀರ್ಘಕಾಲದ ಮಧುಮೇಹಿಗಳಲ್ಲಿ ಇದನ್ನು ಕಾಣಬಹುದು. ಪ್ರಾಣಾಯಾಮದ ಪರಿಣಾಮ ಕುರಿತು ನಮ್ಮ ಕಾಲೇಜುಗಳಲ್ಲಿ ನಡೆಯುವ ಅನೇಕ ಅಧ್ಯಯನಗಳು ನಿಂತಿರುವುದೂ ಈ ಅಳತೆಯ ಮೇಲೆಯೇ.

ಇದಕ್ಕೆ ಬೇಕಾದ ಉಪಕರಣ ದುಬಾರಿಯೇನೂ ಅಲ್ಲ. ಕಷ್ಟವಿರುವುದು ಬೇರೆಡೆ. ಸ್ವಯಂಸೇವಕ ಬರುವ ಮುನ್ನ ಕಾಫಿ ಕುಡಿದಿದ್ದರೆ, ಮೆಟ್ಟಿಲು ಹತ್ತಿ ಬಂದು ಕೂಡಲೇ ಮಲಗಿದ್ದರೆ, ಕೋಣೆ ತಣ್ಣಗಿದ್ದರೆ, ಪಕ್ಕದಲ್ಲಿ ಯಾರಾದರೂ ಮಾತನಾಡುತ್ತಿದ್ದರೆ ಅಂಕಿ ಬದಲಾಗುತ್ತದೆ. ದಾಖಲೆಯ ನಡುವೆ ಒಂದೇ ಒಂದು ಅಕಾಲಿಕ ಬಡಿತ ಬಂದು, ವಿದ್ಯಾರ್ಥಿ ಅದನ್ನು ಗುರುತಿಸದೆ ತಂತ್ರಾಂಶಕ್ಕೆ ಬಿಟ್ಟರೆ, ಕೆಲವು ಲೆಕ್ಕಗಳು ಇಡಿಯಾಗಿ ತಲೆಕೆಳಗಾಗುತ್ತವೆ. ಆದ್ದರಿಂದ ಒಳ್ಳೆಯ ಮಾರ್ಗದರ್ಶಕರು ಹೊಸ ವಿದ್ಯಾರ್ಥಿಗೆ ಮೊದಲ ವಾರಗಳಲ್ಲಿ ತಂತ್ರಾಂಶವನ್ನು ಮುಟ್ಟಲು ಬಿಡದೆ, ಇಸಿಜಿಯ ಬಡಿತಗಳನ್ನು ಒಂದೊಂದಾಗಿ ಕಣ್ಣಿನಿಂದ ನೋಡಿ ಗುರುತು ಹಾಕಿಸುತ್ತಾರೆ. ಇದು ಬೇಸರದ ಕೆಲಸವಾದರೂ ಮುಂದೆ ಮಾಡುವ ಎಲ್ಲ ಕೆಲಸದ ತಳಪಾಯ.

ಜೀವಕೋಶದ ಮಟ್ಟಕ್ಕೆ ಇಳಿದರೆ ಪ್ರಯೋಗಾಲಯದ ಸ್ವರೂಪವೇ ಬದಲಾಗುತ್ತದೆ. ನರಕೋಶ, ಹೃದಯದ ಕೋಶ, ಮೇದೋಜೀರಕಾಂಗದ ಕೋಶ ಇವೆಲ್ಲ ತಮ್ಮ ಪೊರೆಯಲ್ಲಿರುವ ಸೂಕ್ಷ್ಮ ದ್ವಾರಗಳ ಮೂಲಕ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳನ್ನು ಒಳಹೊರಗೆ ಬಿಡುತ್ತಾ ಕೆಲಸ ಮಾಡುತ್ತವೆ. ಅಂಥ ಒಂದೇ ದ್ವಾರದ ಮೂಲಕ ಹರಿಯುವ ವಿದ್ಯುತ್ತನ್ನು ಅಳೆಯಬಹುದೆಂದು 1976ರಲ್ಲಿ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್ ತೋರಿಸಿದರು. 1991ರ ನೊಬೆಲ್ ಬಹುಮಾನ ಅವರಿಗೆ ಬಂದದ್ದು, ಪ್ಯಾಚ್ ಕ್ಲ್ಯಾಂಪ್ ಎಂಬ ಈ ವಿಧಾನದಿಂದ ಒಂಟಿ ದ್ವಾರಗಳ ಕೆಲಸವನ್ನು ಕಂಡುಕೊಂಡದ್ದಕ್ಕಾಗಿ. ಗಾಜಿನ ನಳಿಕೆಯೊಂದನ್ನು ಕಾಯಿಸಿ ಎಳೆದು, ತುದಿಯನ್ನು ಒಂದು ಮೈಕ್ರೋಮೀಟರಿನ ಆಸುಪಾಸಿಗೆ ಸಣ್ಣದಾಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಕೋಶದ ಪೊರೆಗೆ ತಾಗಿಸಿ, ತುಸುವೇ ಗಾಳಿ ಹೀರಿದರೆ ಪೊರೆ ಗಾಜಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಗ ಕಾಣುವ ವಿದ್ಯುತ್ತು ಕೆಲವು ಪಿಕೋಆಂಪಿಯರ್‌ನಷ್ಟು, ಅಂದರೆ ಆಂಪಿಯರಿನ ಲಕ್ಷ ಕೋಟಿಯ ಕೆಲವೇ ಪಾಲುಗಳಷ್ಟು.

ಇಷ್ಟು ಸಣ್ಣದನ್ನು ಕೇಳಿಸಿಕೊಳ್ಳಬೇಕಾದರೆ ಸುತ್ತಲಿನ ಗದ್ದಲ ಅಡಗಬೇಕು. ಮೇಜು ಕಂಪನ ತಡೆಯುವಂಥದ್ದಾಗಿರಬೇಕು, ಉಪಕರಣದ ಸುತ್ತ ಲೋಹದ ಜಾಲರಿಯ ಪಂಜರವಿರಬೇಕು. ಅಷ್ಟಾದರೂ ಹೊಸದಾಗಿ ಬಂದ ಸಂಶೋಧನಾ ವಿದ್ಯಾರ್ಥಿ ಪರದೆಯ ಮೇಲೆ ಮೊದಲು ಕಾಣುವುದು ನರಕೋಶದ ಮಾತನ್ನಲ್ಲ, ಗೋಡೆಯ ವೈರಿನೊಳಗೆ ಹರಿಯುವ ನಮ್ಮ ವಿದ್ಯುತ್ ಸರಬರಾಜಿನ 50 ಹರ್ಟ್ಸ್ ಅಲೆಯನ್ನು. ಟ್ಯೂಬ್‌ಲೈಟ್ ಆರಿಸಿ ನೋಡಬೇಕು, ಸೂಕ್ಷ್ಮದರ್ಶಕದ ದೀಪದ ತಂತಿಯನ್ನು ದೂರ ಸರಿಸಬೇಕು, ಪ್ರತಿಯೊಂದು ಉಪಕರಣವನ್ನೂ ಒಂದೊಂದಾಗಿ ಕಿತ್ತು ಮತ್ತೆ ಜೋಡಿಸಬೇಕು, ಎಲ್ಲ ನೆಲತಂತಿಗಳನ್ನೂ ಒಂದೇ ಬಿಂದುವಿಗೆ ತರಬೇಕು. ಈ ಹುಡುಕಾಟ ಎಷ್ಟೋ ಬಾರಿ ದಿನಗಟ್ಟಲೆ ನಡೆಯುತ್ತದೆ. ಕಾಲ ವ್ಯರ್ಥವಾಯಿತೆಂದು ವಿದ್ಯಾರ್ಥಿಗೆ ಅನಿಸುವುದು ಸಹಜ, ಆದರೆ ಅಲೆಯ ಮೂಲವನ್ನು ತಾನೇ ಪತ್ತೆ ಹಚ್ಚಿದವರಿಗೆ ಮುಂದೆ ಯಾವ ಗೆರೆಯನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬ ವಿವೇಕ ಕೈಗೆ ಹತ್ತಿರುತ್ತದೆ.

ಪ್ರಾಣಿಗಳ ಮೇಲೆ ಸಂಶೋಧನೆ ನಡೆಯುವ ಕಡೆ ಪ್ರಾಣಿಗೃಹವೂ ಒಂದು ಉಪಕರಣವೇ. ಅಲ್ಲಿ ಬೆಳಕು ಮತ್ತು ಕತ್ತಲೆ ತಲಾ 12 ಗಂಟೆಯಂತೆ ತಪ್ಪದೆ ಬರಬೇಕು, ಉಷ್ಣತೆ ಒಂದೇ ಸಮ ಇರಬೇಕು, ಇಲಿಗಳನ್ನು ಎತ್ತಿಕೊಳ್ಳುವ ಕೈ ಅವಕ್ಕೆ ಪರಿಚಿತವಾಗಿರಬೇಕು. ಹೆದರಿದ ಇಲಿಯ ರಕ್ತದಲ್ಲಿ ಒತ್ತಡದ ಹಾರ್ಮೋನು ಏರುವುದರಿಂದ, ವಿದ್ಯಾರ್ಥಿ ಅಳೆಯಲು ಹೊರಟದ್ದನ್ನು ಬಿಟ್ಟು ತನ್ನದೇ ಒರಟುತನವನ್ನು ಅಳೆದಂತಾಗುತ್ತದೆ. ಭಾರತದಲ್ಲಿ ಇಂಥ ಸಂಶೋಧನೆಗೆ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಅಡಿಯ ನಿಯಮಗಳು ಅನ್ವಯಿಸುತ್ತವೆ. ಸಂಸ್ಥೆಯ ನೈತಿಕ ಸಮಿತಿ ಒಪ್ಪದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಎಷ್ಟು ಪ್ರಾಣಿಗಳು ಬೇಕು, ಅಷ್ಟೇ ಏಕೆ ಬೇಕು, ನೋವು ಆಗದಂತೆ ಏನು ಮಾಡುತ್ತೀರಿ, ಪ್ರಾಣಿಯಿಲ್ಲದೆ ಈ ಪ್ರಶ್ನೆಗೆ ಉತ್ತರ ಸಿಗದೇ ಎಂದು ಸಮಿತಿ ಕೇಳುತ್ತದೆ. ಇವು ನೀತಿಯ ಪ್ರಶ್ನೆಗಳಷ್ಟೇ ಅಲ್ಲ, ಪ್ರಯೋಗವನ್ನು ಸರಿಯಾಗಿ ಯೋಜಿಸಿದ್ದೀರಾ ಎಂಬ ಪರೀಕ್ಷೆಯೂ ಹೌದು.

ಈಗ ಮೊದಲಿಗೆ ಹೇಳಿದ ಉಸಿರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಶರೀರಕ್ರಿಯಾ ವಿಜ್ಞಾನ ವಿಭಾಗವೊಂದು ಏನು ಸಾಧಿಸಬಹುದು ಎಂಬುದಕ್ಕೆ ಬೆಂಗಳೂರಿನಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ ಅಮೈನೊ ಆಮ್ಲಗಳಲ್ಲಿ ಲೈಸಿನ್ ಒಂದು. ಅಕ್ಕಿ, ಗೋಧಿಗಳ ಪ್ರೊಟೀನಿನಲ್ಲಿ ಅದು ಕಡಿಮೆ, ಬೇಳೆಕಾಳುಗಳಲ್ಲಿ ಮತ್ತು ಹಾಲಿನಲ್ಲಿ ಹೆಚ್ಚು. ವಯಸ್ಕರಿಗೆ ದಿನಕ್ಕೆ, ದೇಹತೂಕದ ಪ್ರತಿ ಕಿಲೋಗ್ರಾಂಗೆ 12 ಮಿಲಿಗ್ರಾಂ ಲೈಸಿನ್ ಸಾಕು ಎಂಬುದು 1985ರ ಅಂತರರಾಷ್ಟ್ರೀಯ ತಜ್ಞರ ವರದಿಯ ಲೆಕ್ಕವಾಗಿತ್ತು. ದೇಹಕ್ಕೆ ಹೋದ ಸಾರಜನಕವನ್ನೂ ಹೊರಬಂದ ಸಾರಜನಕವನ್ನೂ ಕೂಡಿ ಕಳೆದು ನೋಡುವ ಹಳೆಯ ವಿಧಾನದಿಂದ ಬಂದ ಅಂಕಿ ಅದು. ಅಷ್ಟೇ ಸಾಕಾಗುವುದಾದರೆ ಬರೀ ಅನ್ನ ಉಣ್ಣುವವರಿಗೂ ಲೈಸಿನ್ ಕೊರತೆ ಬರಬಾರದು. ಈ ಲೆಕ್ಕವನ್ನು ಪ್ರಶ್ನಿಸಿದವರಲ್ಲಿ ಅಮೆರಿಕದ ಎಂಐಟಿಯ ವರ್ನನ್ ಯಂಗ್ ಪ್ರಮುಖರು. ಭಾರತೀಯರ ದೇಹದಲ್ಲೇ ಇದನ್ನು ಅಳೆದು ನೋಡಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಜ್ಞಾನ ವಿಭಾಗ ಮತ್ತು ಪೌಷ್ಟಿಕತೆಯ ಸಂಶೋಧನಾ ಕೇಂದ್ರದಲ್ಲಿದ್ದ ಅನುರಾ ಕುರ್ಪಾಡ್ ಮತ್ತು ಅವರ ಸಹೋದ್ಯೋಗಿಗಳು, ಯಂಗ್ ಅವರ ಸಹಯೋಗದಲ್ಲಿ.

ವಿಧಾನದ ಹಿಂದಿನ ತರ್ಕ ಸುಂದರವಾದದ್ದು. ಪ್ರೊಟೀನು ಕಟ್ಟುವುದೆಂದರೆ ಹಲವು ಬಣ್ಣದ ಮಣಿಗಳನ್ನು ಗೊತ್ತಾದ ಕ್ರಮದಲ್ಲಿ ಪೋಣಿಸಿದ ಹಾಗೆ. ಒಂದು ಬಣ್ಣದ ಮಣಿ ಮುಗಿದರೆ ಪೋಣಿಸುವುದೇ ನಿಂತು, ಉಳಿದ ಮಣಿಗಳೆಲ್ಲ ವ್ಯರ್ಥವಾಗುತ್ತವೆ. ದೇಹ ಆ ಉಳಿದ ಅಮೈನೊ ಆಮ್ಲಗಳನ್ನು ಕೂಡಿಡುವುದಿಲ್ಲ, ಉರಿಸಿಬಿಡುತ್ತದೆ. ಹಾಗಾದರೆ ಲೈಸಿನ್ ಸಾಲುತ್ತಿದೆಯೇ ಎಂದು ತಿಳಿಯಲು ಲೈಸಿನ್ನನ್ನೇ ಹಿಂಬಾಲಿಸಬೇಕಾಗಿಲ್ಲ, ಇನ್ನೊಂದು ಅಮೈನೊ ಆಮ್ಲವಾದ ಲ್ಯೂಸಿನ್ ಎಷ್ಟು ಉರಿಯುತ್ತಿದೆ ಎಂದು ನೋಡಿದರೆ ಸಾಕು. ಇಂಗಾಲ-13ರ ಗುರುತಿರುವ ಲ್ಯೂಸಿನ್ನನ್ನು ಸ್ವಯಂಸೇವಕರ ದೇಹಕ್ಕೆ ಒಂದೇ ಅಳತೆಯಲ್ಲಿ ಸೇರಿಸುತ್ತಾ, ಉಪವಾಸದ ಮತ್ತು ಊಟದ ಹೊತ್ತುಗಳೆರಡೂ ಸೇರುವಂತೆ 24 ಗಂಟೆಗಳ ಕಾಲ ರಕ್ತ ಮತ್ತು ಉಸಿರಿನ ಮಾದರಿಗಳನ್ನು ತೆಗೆದರೆ, ಉರಿದ ಲ್ಯೂಸಿನ್ನಿನ ಗುರುತು ಉಸಿರಿನಲ್ಲಿ ಸಿಗುತ್ತದೆ. ಆಹಾರದ ಲೈಸಿನ್ ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತಾ ಹೋದಂತೆ ಲ್ಯೂಸಿನ್ ಉರಿಯುವುದು ಇಳಿಯುತ್ತದೆ. ಯಾವ ಹಂತದ ನಂತರ ಅದು ಮತ್ತೆ ಇಳಿಯದೆ ನಿಲ್ಲುತ್ತದೆಯೋ ಅದೇ ದೇಹಕ್ಕೆ ಬೇಕಾದ ಲೈಸಿನ್. ಉತ್ತರ ಪ್ರತಿ ಕಿಲೋಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 30 ಮಿಲಿಗ್ರಾಂ ಎಂದು ಬಂತು. 2007ರಲ್ಲಿ ಹೊರಬಂದ ಅಂತರರಾಷ್ಟ್ರೀಯ ವರದಿ 12ನ್ನು ಬಿಟ್ಟು 30ನ್ನು ಒಪ್ಪಿಕೊಂಡಿತು. 60 ಕಿಲೋ ತೂಕದವರಿಗೆ 720 ಮಿಲಿಗ್ರಾಂ ಸಾಕೆಂದಿದ್ದದ್ದು 1800 ಆಯಿತು. ಅನ್ನದ ಜೊತೆಗೆ ಸಾರಿನಲ್ಲಿ ಎಷ್ಟು ಬೇಳೆ ಇರಬೇಕು ಎಂಬ ಪ್ರಶ್ನೆಗೆ ಇದರಿಂದ ಹೊಸ ತೂಕ ಬಂತು. ಬಡವರ ಮನೆಯ ತಟ್ಟೆಗೆ ಇಷ್ಟು ನೇರವಾಗಿ ಮುಟ್ಟುವ ಸಂಶೋಧನೆಗಳು ಹೆಚ್ಚಿಲ್ಲ.

ಇಂಥ ಕೆಲಸದಲ್ಲಿ ಕೈ ಜೋಡಿಸುವ ವಿದ್ಯಾರ್ಥಿ ಏನನ್ನು ಕಲಿಯಬೇಕಾಗುತ್ತದೆ ಎಂದು ಯೋಚಿಸಿ. ಆಹಾರವನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿ ಅಡುಗೆ ಮಾಡಿಸುವುದು, ಸ್ವಯಂಸೇವಕರು ಪ್ರಯೋಗಕ್ಕೆ ಮುನ್ನ ದಿನಗಟ್ಟಲೆ ಅದೇ ಆಹಾರವನ್ನು ಉಣ್ಣುವಂತೆ ನೋಡಿಕೊಳ್ಳುವುದು, ರಾತ್ರಿಯೆಲ್ಲ ಎಚ್ಚರವಿದ್ದು ಹೊತ್ತಿಗೆ ಸರಿಯಾಗಿ ಮಾದರಿ ತೆಗೆಯುವುದು, ಬಾಟಲಿಗೆ ಚೀಟಿ ಅಂಟಿಸುವುದು, ಊಟದ ಬೆಲ್ಲ ಸಕ್ಕರೆಗಳೂ ಕಬ್ಬಿನವೇ ಆದ್ದರಿಂದ ಅವುಗಳ ಇಂಗಾಲ-13ನ್ನೂ ಲೆಕ್ಕಕ್ಕೆ ಹಿಡಿಯುವುದು. ಭಾರದ ಮತ್ತು ಹಗುರದ ಇಂಗಾಲವನ್ನು ಬೇರ್ಪಡಿಸಿ ಅಳೆಯುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರ್ ಕೊಡುವ ಅಂಕಿಗೆ ಅರ್ಥ ಬರುವುದು ಇವೆಲ್ಲ ಸರಿಯಾಗಿದ್ದಾಗ ಮಾತ್ರ.

ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ತಾಳೆ ನೋಡುವುದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ತರಬೇತಿಯ ಜೀವಾಳ ಇದೇ ಎಂದು ನನಗೆ ಅನಿಸುತ್ತದೆ. ಮನುಷ್ಯನೊಬ್ಬ ದಿನವಿಡೀ ಇರಬಹುದಾದ, ಕೋಣೆಯಷ್ಟು ದೊಡ್ಡ ಕ್ಯಾಲೊರಿಮೀಟರುಗಳಿವೆ. ಒಳಗಿರುವವರು ಬಳಸಿದ ಆಮ್ಲಜನಕ ಮತ್ತು ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಅಳೆದು, ದೇಹ ಎಷ್ಟು ಶಕ್ತಿ ಖರ್ಚು ಮಾಡಿತೆಂದು ಅಲ್ಲಿ ಲೆಕ್ಕ ಹಾಕುತ್ತಾರೆ. ಅದನ್ನು ತಾಳೆ ನೋಡುವ ಒಂದು ಹಳೆಯ ಉಪಾಯವೆಂದರೆ ಒಳಗೆ ಮನುಷ್ಯನ ಬದಲು ಶುದ್ಧ ಆಲ್ಕೋಹಾಲಿನ ದೀಪವನ್ನು ತಕ್ಕಡಿಯ ಮೇಲೆ ಇಟ್ಟು ಹೊತ್ತಿಸುವುದು. ಒಂದು ಗ್ರಾಂ ಈಥೈಲ್ ಆಲ್ಕೋಹಾಲ್ ಪೂರ್ತಿ ಉರಿಯಲು 2.08 ಗ್ರಾಂ ಆಮ್ಲಜನಕ ಬೇಕು, ಅದರಿಂದ 1.91 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಗಾತ್ರದ ಲೆಕ್ಕದಲ್ಲಿ ಬಿಟ್ಟ ಅನಿಲಕ್ಕೂ ಬಳಸಿದ ಅನಿಲಕ್ಕೂ ಇರುವ ಅನುಪಾತ 0.67. ರಸಾಯನಶಾಸ್ತ್ರ ಹೇಳುವ ಈ ಅಂಕಿ ಬಾರದಿದ್ದರೆ ತಪ್ಪು ದೀಪದ್ದಲ್ಲ, ಕೋಣೆಯದ್ದು. ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಅನಿಲ ಮಾಪಕ ಜಾರಿದೆ. ಉರಿಯುವ ಬತ್ತಿ, ಇಳಿಯುತ್ತಿರುವ ತಕ್ಕಡಿಯ ಅಂಕಿ ಮತ್ತು ಪರದೆಯ ಗೆರೆ ಈ ಮೂರನ್ನೂ ಒಟ್ಟಿಗೆ ನೋಡುತ್ತಾ ಕುಳಿತ ವಿದ್ಯಾರ್ಥಿಗೆ, ಅಳತೆ ಎಂದರೇನು ಎಂಬುದನ್ನು ಮತ್ತೆ ಪಾಠ ಮಾಡಿ ಹೇಳಬೇಕಾಗುವುದಿಲ್ಲ.

ಭಾರತದಲ್ಲಿ ಈ ತರಬೇತಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಎಂಬಿಬಿಎಸ್ ಮುಗಿಸಿದವರು 3 ವರ್ಷದ ಎಂ.ಡಿ. ಫಿಸಿಯಾಲಜಿಗೆ ಸೇರುತ್ತಾರೆ. ವಿಜ್ಞಾನ ಪದವೀಧರರಿಗೆ ಎಂ.ಎಸ್ಸಿ. ಇದೆ. ಈ ಎರಡರ ಮುಂದೆ ಪಿಎಚ್.ಡಿ. ಇದೆ. ಎಂ.ಡಿ. ವಿದ್ಯಾರ್ಥಿ ಪಾಠ ಮಾಡುವುದನ್ನು ಕಲಿಯುತ್ತಾ, ಎಂಬಿಬಿಎಸ್ ಪ್ರಾಯೋಗಿಕ ತರಗತಿಗಳನ್ನು ನಡೆಸುತ್ತಾ, ಅದರ ನಡುವೆಯೇ ಒಂದು ಪ್ರಬಂಧವನ್ನು ಬರೆಯಬೇಕು. ಈ ಪದವಿಯ ಮುಖ್ಯ ಗುರಿ ಅಧ್ಯಾಪಕರನ್ನು ತಯಾರು ಮಾಡುವುದು. ಪ್ರಬಂಧಕ್ಕೆ ಸಿಗುವ ಹೊತ್ತು ಕಡಿಮೆ, ವಿಷಯವನ್ನೂ ಮೊದಲ ವರ್ಷದಲ್ಲೇ, ಪ್ರಯೋಗಾಲಯದ ಪರಿಚಯವಾಗುವ ಮೊದಲೇ ಆರಿಸಬೇಕಾಗುತ್ತದೆ. ಹೀಗಾಗಿ ಮೊದಲೇ ಯಾರೋ ಮಾಡಿದ ಅಧ್ಯಯನವನ್ನು ಬೇರೊಂದು ಊರಿನ ವಿದ್ಯಾರ್ಥಿಗಳ ಮೇಲೆ ಮತ್ತೆ ಮಾಡುವುದು ಸಾಮಾನ್ಯ. ಇದನ್ನು ಕೀಳಾಗಿ ಕಾಣಬೇಕಾಗಿಲ್ಲ. ಒಮ್ಮೆ ಕಂಡದ್ದು ಇನ್ನೊಮ್ಮೆಯೂ ಕಾಣುತ್ತದೆಯೇ ಎಂದು ಪ್ರಾಮಾಣಿಕವಾಗಿ ನೋಡುವುದು ಒಳ್ಳೆಯ ವಿಜ್ಞಾನ. ಕಾಣದಿದ್ದಾಗಲೂ ಕಾಣಲಿಲ್ಲವೆಂದು ಬರೆಯುವ ಧೈರ್ಯವನ್ನು ಮಾರ್ಗದರ್ಶಕರು ಕೊಡಬೇಕಾಗುತ್ತದೆ, ಅಷ್ಟೇ.

ಪಿಎಚ್.ಡಿ.ಯ ಉದ್ದೇಶ ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳ ಪ್ರಕಾರ ಅದರ ಅವಧಿ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಆರಂಭದಲ್ಲಿ ಕೋರ್ಸ್‌ವರ್ಕ್ ಇರುತ್ತದೆ. ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ, ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಅದರ ಭಾಗ. ಮಾರ್ಗದರ್ಶಕರ ಜೊತೆಗೆ ಒಂದು ಸಲಹಾ ಸಮಿತಿ ವಿದ್ಯಾರ್ಥಿಯ ಪ್ರಗತಿಯನ್ನು ನಿಗದಿತವಾಗಿ ಕೇಳುತ್ತದೆ. ಕೊನೆಗೆ ಮಹಾಪ್ರಬಂಧವನ್ನು ಹೊರಗಿನ ತಜ್ಞರು ಓದುತ್ತಾರೆ, ಮೌಖಿಕ ಪರೀಕ್ಷೆ ನಡೆಯುತ್ತದೆ. ಕಾಗದದ ಮೇಲೆ ಇಷ್ಟೇ. ಒಳಗೆ ನಡೆಯುವುದು ಮಾತ್ರ, ಬೇರೆಯವರು ಕೊಟ್ಟ ಪ್ರಶ್ನೆಗೆ ಉತ್ತರ ಹುಡುಕುವ ವ್ಯಕ್ತಿ ತನ್ನದೇ ಪ್ರಶ್ನೆಯನ್ನು ಕೇಳಬಲ್ಲ ವ್ಯಕ್ತಿಯಾಗುವ ನಿಧಾನವಾದ ಬದಲಾವಣೆ. ಮೊದಲ ವರ್ಷ ವಿಧಾನವನ್ನು ಕೈವಶ ಮಾಡಿಕೊಳ್ಳುವುದರಲ್ಲೇ ಹೋಗುತ್ತದೆ. ಎರಡನೆಯ ವರ್ಷದಲ್ಲಿ ಅಂದುಕೊಂಡ ಫಲಿತಾಂಶ ಬಾರದೆ ಹೆಚ್ಚಿನವರು ಕುಗ್ಗುತ್ತಾರೆ. ಆ ಹೊತ್ತಿನಲ್ಲಿ ವಿಭಾಗದಲ್ಲಿ ವಾರಕ್ಕೊಮ್ಮೆ ಎಲ್ಲರೂ ಕೂತು ಪರಸ್ಪರರ ಕಚ್ಚಾ ದಾಖಲೆಗಳನ್ನು ನೋಡುವ ರೂಢಿ ಇದ್ದರೆ ಅದು ಯಾವ ದುಬಾರಿ ಉಪಕರಣಕ್ಕಿಂತಲೂ ಹೆಚ್ಚಿನ ಸಹಾಯ ಮಾಡುತ್ತದೆ. ಸಿದ್ಧವಾದ ನಕ್ಷೆಯಲ್ಲಿ ಕಾಣದ ತಪ್ಪು ಕಚ್ಚಾ ಗೆರೆಯಲ್ಲಿ ಕಾಣುತ್ತದೆ, ಅದನ್ನು ಕಾಣುವುದು ಸಾಮಾನ್ಯವಾಗಿ ಆ ಪ್ರಯೋಗ ಮಾಡದ ಇನ್ನೊಬ್ಬರ ಕಣ್ಣು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವಂತೆ ನರ ಶರೀರಕ್ರಿಯಾ ವಿಜ್ಞಾನಕ್ಕೇ ಪ್ರತ್ಯೇಕ ವಿಭಾಗವಿರುವ ಕಡೆ, ಕೋಶದ ಕೆಲಸ, ಇಲಿಯ ವರ್ತನೆಯ ಅಧ್ಯಯನ ಮತ್ತು ಆಸ್ಪತ್ರೆಯ ರೋಗಿಗಳು ಒಂದೇ ಆವರಣದಲ್ಲಿರುವುದು ವಿದ್ಯಾರ್ಥಿಗಳಿಗೆ ದೊಡ್ಡ ಅನುಕೂಲ. ಎಲ್ಲ ಕಡೆ ಹಾಗಿರಲು ಸಾಧ್ಯವಿಲ್ಲ. ಜಿಲ್ಲಾ ಕೇಂದ್ರದ ಕಾಲೇಜೊಂದರಲ್ಲಿ ಪ್ಯಾಚ್ ಕ್ಲ್ಯಾಂಪ್ ಇಲ್ಲವೆಂದು ಅಲ್ಲಿ ಸಂಶೋಧನೆ ಸಾಧ್ಯವಿಲ್ಲ ಎಂದುಕೊಳ್ಳುವುದು ತಪ್ಪು. ಬಿಸಿಲಿನಲ್ಲಿ ದುಡಿಯುವವರ ದೇಹದ ನೀರು ಮತ್ತು ಉಷ್ಣತೆ, ರಾತ್ರಿ ಪಾಳಿಯವರ ನಿದ್ರೆ, ಗರ್ಭಿಣಿಯರ ರಕ್ತದೊತ್ತಡ ಇವೆಲ್ಲ ಸರಳ ಉಪಕರಣದಿಂದ, ಆದರೆ ಬಹಳ ಶಿಸ್ತಿನಿಂದ ಅಳೆಯಬೇಕಾದ ಸಂಗತಿಗಳು, ಮತ್ತು ಅವು ದೊಡ್ಡ ನಗರದ ಪ್ರಯೋಗಾಲಯಕ್ಕಿಂತ ಅಲ್ಲಿಯೇ ಚೆನ್ನಾಗಿ ಸಿಗುವಂಥವು. ಹೊಸ ಉಪಕರಣ ಕೊಳ್ಳಲು ಅನುದಾನ ಸಿಗುವಷ್ಟು ಸುಲಭವಾಗಿ ಅದನ್ನು ನೋಡಿಕೊಳ್ಳುವ ತಂತ್ರಜ್ಞರ ಸಂಬಳಕ್ಕೆ, ಬಿಡಿಭಾಗಗಳಿಗೆ, ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಹಣ ಸಿಗುವುದಿಲ್ಲ ಎಂಬುದು ನನ್ನನ್ನು ಹೆಚ್ಚು ಚಿಂತೆಗೀಡುಮಾಡುವ ವಿಷಯ. ಲೈಪ್‌ಜಿಗ್‌ನ ಆ ಕುಶಲಕರ್ಮಿಯ ಸ್ಥಾನ ನಮ್ಮ ಎಷ್ಟೋ ವಿಭಾಗಗಳಲ್ಲಿ ಖಾಲಿ ಇದೆ.

ಸ್ನಾತಕೋತ್ತರ ಸಂಶೋಧನೆಗೆ ವಿಭಾಗವನ್ನು ಆರಿಸಿಕೊಳ್ಳುವವರು ಉಪಕರಣಗಳ ಪಟ್ಟಿಯನ್ನು ಓದಿ ಅಷ್ಟಕ್ಕೇ ನಿಲ್ಲದೆ ಒಮ್ಮೆ ಅಲ್ಲಿಗೆ ಹೋಗಿ ನೋಡುವುದು ಒಳ್ಳೆಯದು. ಈಗಾಗಲೇ ಅಲ್ಲಿರುವ ವಿದ್ಯಾರ್ಥಿಗಳನ್ನು, ಈ ಯಂತ್ರವನ್ನು ನೀವೇ ನಡೆಸುತ್ತೀರೋ, ಇಲ್ಲ ಮಾದರಿ ಕೊಟ್ಟು ಅಂಕಿ ಪಡೆಯುತ್ತೀರೋ ಎಂದು ಕೇಳಿ. ನಿಮ್ಮ ಮಾರ್ಗದರ್ಶಕರು ಪ್ರಯೋಗದ ಮೇಜಿನ ಬಳಿ ಕೊನೆಯ ಬಾರಿ ನಿಂತದ್ದು ಯಾವಾಗ ಎಂದು ಕೇಳಿ. ಪ್ರತಿಯೊಂದು ಒಳ್ಳೆಯ ಉಪಕರಣದ ಪಕ್ಕದಲ್ಲೂ ಒಂದು ಲಾಗ್ ಪುಸ್ತಕ ಇರುತ್ತದೆ. ಯಾರು, ಯಾವ ದಿನ, ಎಷ್ಟು ಹೊತ್ತು ಬಳಸಿದರು, ಬಳಸುವ ಮುನ್ನ ತಾಳೆ ನೋಡಿದಾಗ ಯಾವ ಅಂಕಿ ಬಂತು ಎಂಬುದೆಲ್ಲ ಅದರಲ್ಲಿರುತ್ತದೆ. ಅದರ ಕೊನೆಯ ಪುಟವನ್ನು ತೆರೆದು, ಕೊನೆಯ ಕ್ಯಾಲಿಬ್ರೇಷನ್ನಿನ ದಿನಾಂಕವನ್ನೂ ಅದರ ಎದುರಿಗಿರುವ ಕೈಬರಹ ಯಾರದೆಂಬುದನ್ನೂ ನೋಡಿ.